ಜೇಡಗಳ ಗುಹೆಯಲ್ಲಿ ಎರಡು ಭಾನುವಾರ

ಹಾಸನದ ಕಾಲೇಜಿಗೆ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಬಂದ ಮೊದಲ ವರ್ಷ ನನಗೆ ಭಾನುವಾರ ಎಂದರೆ ಬೇಸರ. ಬಟ್ಟೆ ಒಗೆದು, ಹೊಳೆನರಸೀಪುರದಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಮುಗಿಸಿದರೆ ಮಧ್ಯಾಹ್ನವಿಡೀ ಖಾಲಿ. ಅದಕ್ಕೇ ಮೈಸೂರಿನ ಹಾಸ್ಟೆಲಿನಲ್ಲಿ ಕಲಿತಿದ್ದ ಆಟವೊಂದನ್ನು ಮತ್ತೆ ಶುರುಮಾಡಿದೆ. ಅದಕ್ಕೆ ಮಣೆ ಬೇಡ, ಕಾಯಿ ಬೇಡ. ಒಬ್ಬರು ಕತೆ ಹೇಳುತ್ತಾ ಹೋಗಬೇಕು; ಕಾಡು, ಕೋಟೆ, ರಾಕ್ಷಸರು ಎಲ್ಲ ಅವರ ಜವಾಬ್ದಾರಿ. ಉಳಿದವರದು ಒಬ್ಬೊಬ್ಬರದೂ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆಂದು ಅವರೇ ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಹೆಚ್ಚು ಬಿದ್ದಷ್ಟೂ ಒಳ್ಳೆಯದು.

ನನ್ನ ಬಾಡಿಗೆ ಮನೆಗೆ ಆಡಲು ಬರುತ್ತಿದ್ದವರು ಮೂವರು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಮಲ್ಲಿಪಟ್ಟಣದ ಕಡೆಯವರು. ಆಟದಲ್ಲಿ ಅವರು ಕೊಡಲಿ ಹಿಡಿದ ವೀರ. ಅವರ ಹೆಂಡತಿ ಚನ್ನರಾಯಪಟ್ಟಣದವರು, ಹಾಸನದಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಆಟದಲ್ಲಿ ಅವರು ಕಳ್ಳಿ. ಮೂರನೆಯವರು ನಮ್ಮ ಲೈಬ್ರೇರಿಯನ್ನು, ಶ್ರವಣಬೆಳಗೊಳದ ಜೈನರ ಮನೆಯವರು. ರಜೆಯ ದಿನವೂ ಬಸ್ಸು ಹತ್ತಿ ಬರುತ್ತಿದ್ದರು. ಅವರು ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ್ದರಿಂದ ನಮ್ಮ ಆಟವೂ ಬಿಸಿಲಿರುವಾಗಲೇ ಮುಗಿಯುತ್ತಿತ್ತು. ಆಟದಲ್ಲಿ ಅವರು ಗಿಡಮೂಲಿಕೆ ಬಲ್ಲ ವೈದ್ಯೆ.

ಒಂದು ಸಲ ನಾನು ಕತೆಯೊಳಗೆ ದೈತ್ಯ ಜೇಡಗಳನ್ನು ತಂದೆ. ಅದಕ್ಕೆ ನನ್ನದೇ ಕಾರಣವಿತ್ತು. ಜೇಡ ಕಂಡರೆ ನನಗೆ ಚಿಕ್ಕಂದಿನಿಂದ ಪ್ರಾಣಭಯ. ನಮ್ಮ ಮನೆಯ ಬಚ್ಚಲಲ್ಲಿ ಹಂಡೆಯ ಹಿಂದೆ ಅಂಗೈಯಗಲದ್ದೊಂದು ಇರುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತಿರದೆ ನಾನು ಸ್ನಾನಕ್ಕೆ ಇಳಿಯುತ್ತಿರಲಿಲ್ಲ. ಎಮ್ಮೆ ಗಾತ್ರದ ಜೇಡಗಳನ್ನು ಮಾಡಿ, ಅವನ್ನು ಯಾರಾದರೂ ನನ್ನ ಕಣ್ಣೆದುರೇ ಕಡಿದು ಹಾಕಲಿ ಅಂತ ಆಸೆಯಾಯಿತು.

ಭಾನುವಾರ ಬಂತು. ಗುಹೆ, ಒಳಗೆ ಬಲೆ, ಬಲೆಯಲ್ಲಿ ಸುತ್ತಿಸಿಕೊಂಡು ನೇತಾಡುತ್ತಿರುವ ಹಳ್ಳಿಯ ಕುಂಬಾರ, ಇನ್ನೂ ಜೀವ ಇದೆ. ಮೇಲಿನ ಕತ್ತಲಲ್ಲಿ ಕಾಲುಗಳು ಅಲ್ಲಾಡಿದವು ಎಂದೆ.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಎಮ್ಮೆ ಗಾತ್ರನಾ? ಬರ್ಲಿ ಬುಡಿ ಮೇಡಂ. ಕೊಡ್ಲಿ ಎತ್ಕಂಡೆ ಕಣ್ರೀ, ಒಂದೇ ಏಟ್ಗೆ ಮಲಗುಸ್ತೀನಿ."

"ನಾನು ಹೊಡೆಯಲ್ಲ," ಅಂದರು ಲೈಬ್ರೇರಿಯನ್ನು.

ಅದುವರೆಗೆ ನಮ್ಮ ಕತೆಯಲ್ಲಿ ಬರೀ ದೆವ್ವ, ಕಲ್ಲಿನ ಗೊಂಬೆಗಳು. ಜೀವವಿರುವ ಪ್ರಾಣಿ ಎದುರಾದದ್ದು ಅದೇ ಮೊದಲು ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಆಟ ಕಣಕ್ಕಾ ಇದು," ಅಂದರು ಮೇಷ್ಟ್ರ ಹೆಂಡತಿ. "ಯಾವ ಜೇಡಾನೂ ಸಾಯಲ್ಲ."

"ಆಟ ಅಂತ ಗೊತ್ತಮ್ಮ. ಆದ್ರೆ ಹೊಡಿತೀನಿ ಅಂತ ನನ್ನ ಬಾಯಲ್ಲೇ ಹೇಳ್ಬೇಕಲ್ಲ, ಅದು ಬರ್ತಿಲ್ಲ. ಹಿಟ್ಟಲ್ಲಿ ಕೋಳಿ ಮಾಡಿ ಕತ್ತರಿಸಿದ್ರೂ ಪಾಪ ಸುತ್ಕೊಳ್ತು ಅಂತ ನಮ್ಮಜ್ಜಿ ಒಂದು ಕತೆ ಹೇಳೋರು. ಅದು ಮನಸ್ಸಲ್ಲಿ ಕೂತುಬಿಟ್ಟಿದೆ."

"ಅಂಗಾರೆ ನೀವ್ ಸುಮ್ಕೆ ನಿಂತ್ಕಳಿ. ನಾನ್ ಒಡೀತೀನಿ," ಅಂದರು ಮೇಷ್ಟ್ರು.

"ಪಕ್ಕದಲ್ಲಿ ನಿಂತು ನೋಡೋಕೂ ಆಗಲ್ಲ ಸರ್." ಆಮೇಲೆ ನನ್ನ ಕಡೆ ತಿರುಗಿ, "ಆ ಜೇಡಕ್ಕೆ ಏನು ಬೇಕಂತೆ? ಹೇಳಿ," ಎಂದರು.

ಅದರ ವಿಷ ಎಷ್ಟು, ಬಲ ಎಷ್ಟು ಎಲ್ಲ ಯೋಚಿಸಿದ್ದೆ. ಅದಕ್ಕೆ ಏನಾದರೂ ಬೇಕಿರಬಹುದು ಅಂತ ಯೋಚಿಸಿರಲಿಲ್ಲ. ಸಿಟ್ಟೂ ಬಂತು; ಇಷ್ಟೆಲ್ಲ ಕಟ್ಟಿದ್ದು ದಂಡವಾಯಿತಲ್ಲ ಅಂತ. "ಮುಂದಿನ ವಾರ ನೋಡೋಣ," ಅಂದುಬಿಟ್ಟೆ. ಲೈಬ್ರೇರಿಯನ್ನಿಗೆಂದು ಈರುಳ್ಳಿ ಹಾಕದೆ ಮಾಡಿದ್ದ ಕೋಡುಬಳೆಯನ್ನು ನಾಲ್ವರೂ ತಿಂದು ಮುಗಿಸಿದೆವು. ಹೊರಡುವಾಗ ಲೈಬ್ರೇರಿಯನ್ನು ಮೆಟ್ಟಿಲಲ್ಲಿ ನಿಂತು, "ನನ್ನಿಂದ ಆಟ ಕೆಡೋದಾದ್ರೆ ನಾನು ಬರಲ್ಲ, ಬೇಜಾರಿಲ್ಲ," ಎಂದರು. ಅವರಿಗೆ ಬೇಜಾರಾಗಿದೆ ಅಂತ ಮುಖವೇ ಹೇಳುತ್ತಿತ್ತು. "ಬರಲೇಬೇಕು," ಅಂದೆ ನಾನು.

ಆ ವಾರ, ಜೇಡಕ್ಕೆ ಏನು ಬೇಕು ಅಂತ ತಿಳಿಯಲು ಜೇಡವನ್ನೇ ನೋಡಬೇಕಾಯಿತು. ನನ್ನ ಬಾಲ್ಕನಿಯ ದಾಸವಾಳದ ಕುಂಡದ ಹತ್ತಿರ ಒಂದು ಜೇಡ ಬಲೆ ಕಟ್ಟಿತ್ತು. ಅದರ ಕಾಟಕ್ಕೆ ಗಿಡಕ್ಕೆ ನೀರನ್ನೂ ದೂರದಿಂದಲೇ ಎರಚುತ್ತಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲ ಒಳಗೇ ನಿಂತು ನೋಡಿದೆ. ಮಾರನೆಯ ದಿನ ಹೊಸ್ತಿಲು ದಾಟಿದೆ. ಅದು ಬಲೆಯ ನಡುವೆ ತಲೆಕೆಳಗಾಗಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಚಾಚಿಕೊಂಡು ಕೂತಿರುತ್ತಿತ್ತು. ನಾನು ಕೈ ಬೀಸಿದರೂ ಅದಕ್ಕೆ ಪರಿವೆಯಿಲ್ಲ. ಒಮ್ಮೆ ಉಫ್ ಎಂದು ಊದಿದೆ. ಇಡೀ ಬಲೆಯನ್ನು ಹಿಡಿದು ಗಡಗಡ ಅಲ್ಲಾಡಿಸಿಬಿಟ್ಟಿತು. ಕಾಫಿ ಸೀರೆಯ ಮೇಲೆ ಚೆಲ್ಲಿತು. ಆದರೆ ನಾನು ಓಡಲಿಲ್ಲ, ಯಾಕೆಂದರೆ ಒಂದು ವಿಷಯ ಅರ್ಥವಾಗಿತ್ತು: ಅದು ನನ್ನನ್ನು ನೋಡುತ್ತಿಲ್ಲ. ಎಳೆ ಎಲ್ಲಿ ಅದುರಿತೋ ಅದಕ್ಕೆ ಅಲ್ಲಿ ಲೋಕವಿದೆ. ಎಳೆ ಅದುರದಿದ್ದರೆ ನಾನು ಇಲ್ಲವೇ ಇಲ್ಲ. ಮತ್ತೆ, ನನ್ನ ಉಸಿರಿಗೆ ಎಳೆ ಅದುರಿದಾಗ ಅದೂ ಹೆದರಿಕೊಂಡಿತ್ತು.

ಮುಂದಿನ ಭಾನುವಾರ ಮೂವರೂ ಬಂದರು. ಮೇಷ್ಟ್ರ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ನಾನು ಕತೆ ಎತ್ತಿಕೊಂಡೆ. "ಜೇಡಕ್ಕೆ ಕಣ್ಣು ಕಾಣೋದು ಕಮ್ಮಿ. ಎಳೆ ಅದುರಿದ ಕಡೆ ಓಡುತ್ತೆ. ಅದಕ್ಕೆ ಬೇಕಿರೋದು ಊಟ, ಮತ್ತೆ ಅದರ ಬಲೆ ಹರೀದೆ ಇರೋದು. ಅಷ್ಟೇ."

ಮೇಷ್ಟ್ರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. "ಅಂಗಂದ್ರೆ ಆ ತುದೀಲಿ ಎಳೆ ಅಲ್ಲಾಡುಸುದ್ರೆ ಎಲ್ಲಾ ಅಲ್ಲಿಗೇ ಓಯ್ತವೆ, ಅಲ್ವಾ? ಕೊಡ್ಲಿ ಕಾವ್ನಲ್ಲಿ ತಟ್ತಾ ಕುಂತಿರ್ತೀನಿ. ತಮ್ಟೆ ಬಡ್ದಂಗೆ."

"ಕುಂಬಾರನ್ನ ನಾನು ಬಿಡಿಸ್ತೀನಿ," ಅಂದರು ಅವರ ಹೆಂಡತಿ. "ದಾರನ ಒಂದ್ ಕೈಲಿ ಬಿಗಿಯಾಗಿ ಹಿಡ್ಕಂಡು ಕತ್ತರಿ ಆಡುಸ್ಬೇಕು. ಆಗ ಜಗ್ಗಲ್ಲ."

ವೈದ್ಯೆಯ ಕೆಲಸ ಕುಂಬಾರನನ್ನು ಹೆಗಲಿಗೆ ಹಾಕಿಕೊಂಡು ಎಳೆಗೆ ತಾಗದೆ ಹೊರಗೆ ಬರುವುದು. ಮೇಷ್ಟ್ರು ನಿಜಕ್ಕೂ ನನ್ನ ಮೇಜನ್ನೇ ತಮಟೆ ಮಾಡಿಕೊಂಡರು. ಜೇಡಗಳು ಆ ಕಡೆ ಓಡಿದವು. ಹೆಂಡತಿಯ ದಾಳವೂ ಚೆನ್ನಾಗಿಯೇ ಬಿತ್ತು, ಕುಂಬಾರ ಬಿಡುಗಡೆಯಾದ. ಆದರೆ ಲೈಬ್ರೇರಿಯನ್ನು ಉರುಳಿಸಿದ ದಾಳ ಎರಡರಲ್ಲಿ ನಿಂತಿತು. ಅವರ ಹೆಗಲು ಎಳೆಗೆ ತಾಗಿತು. ಎಲ್ಲಕ್ಕಿಂತ ದೊಡ್ಡ ಜೇಡ ತಿರುಗಿ ನೇರ ಅವರೆದುರು ಇಳಿಯಿತು.

"ಈಗ್ಲಾರಾ ಒಡೀಲಾ?" ಮೇಷ್ಟ್ರು ಪಿಸುಗುಟ್ಟಿದರು.

"ಬೇಡ ಸರ್. ನಾನು ಅಲ್ಲಾಡಲ್ಲ. ಉಸಿರು ಬಿಗಿ ಹಿಡ್ಕೊಂಡು ನಿಂತಿದೀನಿ."

ನಾನು ಜೇಡವಾಗಬೇಕಾಯಿತು. ಮುಂಗಾಲು ಎತ್ತಿ ಅವರ ಹಣೆಯ ಮೇಲಿಟ್ಟೆ. ಕೂದಲುಕೂದಲಾದ ಆ ಕಾಲು ಕೆನ್ನೆ ಮುಟ್ಟಿತು, ಭುಜ ಮುಟ್ಟಿತು, ಇದು ಮರವೋ ಮನುಷ್ಯರೋ ಅಂತ ತಡವಿ ನೋಡಿತು ಎಂದು ಹೇಳುತ್ತಿದ್ದಂತೆ ನನ್ನ ಕೈಬೆರಳುಗಳು ಗಾಳಿಯಲ್ಲಿ ತಾವಾಗಿಯೇ ಆಡುತ್ತಿದ್ದವು. ಮೈ ಜುಮ್ಮೆನ್ನಲಿಲ್ಲ. ಅದು ಹೇಗೆ ತಡವುತ್ತದೆ ಅಂತ ಸರಿಯಾಗಿ ಹೇಳಬೇಕು ಎಂಬುದೊಂದೇ ತಲೆಯಲ್ಲಿತ್ತು.

ಲೈಬ್ರೇರಿಯನ್ನು ಕಣ್ಣು ಮುಚ್ಚಿ ದಾಳ ಬಿಟ್ಟರು. ಅದು ಮೇಜಿನಂಚಿನವರೆಗೆ ಉರುಳಿ ಹತ್ತೊಂಬತ್ತಕ್ಕೆ ನಿಂತಿತು. ಜೇಡ ಕಾಲು ತೆಗೆದು ನಿಧಾನವಾಗಿ ಮೇಲೆ ಹತ್ತಿಹೋಯಿತು. ನಮ್ಮ ಕೂಗಾಟಕ್ಕೆ ಕೆಳಗಿನ ಮನೆಯವರು ಏನಾಯಿತೆಂದು ಮೇಲೆ ಬಂದರು.

"ಒಂದ್ ಏಟೂ ಒಡೀಲಿಲ್ಲ, ಆದ್ರೂ ಮೇಜ್ ಬಡ್ದು ಅಂಗೈ ಕೆಂಪಾಗೋಗದೆ ನೋಡಿ," ಅಂತ ಮೇಷ್ಟ್ರು ಲೈಬ್ರೇರಿಯನ್ನಿಗೆ ತಮ್ಮ ಕೈ ತೋರಿಸಿದರು. ಇಬ್ಬರೂ ಮನಸಾರೆ ನಕ್ಕರು.

ಜೇಡದ ಭಯ ನನಗೆ ಪೂರ್ತಿ ಹೋಗಿಲ್ಲ. ಗೋಡೆಯ ಮೇಲೆ ಸರಕ್ಕನೆ ಓಡಿದರೆ ಈಗಲೂ ಚೀರುತ್ತೇನೆ. ಆದರೆ ದಾಸವಾಳಕ್ಕೆ ಹತ್ತಿರ ನಿಂತೇ ನೀರು ಹಾಕುತ್ತೇನೆ.

ಅವತ್ತು ಲೈಬ್ರೇರಿಯನ್ನನ್ನು ಬಸ್ಸು ಹತ್ತಿಸಲು ಎಲ್ಲರೂ ನಿಲ್ದಾಣಕ್ಕೆ ನಡೆದೆವು. ಕಿಟಕಿ ಪಕ್ಕ ಕೂತ ಅವರು ತಲೆ ಹೊರಗೆ ಹಾಕಿ, "ಅಲ್ಲ, ಕುಂಬಾರ ಊರಿಗೆ ಹೋಗಿ ಎಲ್ಲ ಹೇಳ್ತಾನೆ. ಊರೋರು ಗುಹೆಗೆ ಬೆಂಕಿ ಇಟ್ರೆ ಏನ್ಮಾಡೋದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎದೆ ಮುಟ್ಟಿಕೊಂಡರು. "ಅದ್ ನಂಗ್ ಬುಡಿ. ಊರೋರ್ತಾವ ಎಂಗ್ ಮಾತಾಡ್ಬೇಕು ಅಂತ ನಂಗೊತ್ತು."