ಮೀನಖಂಡಕ್ಕೆ ಸುತ್ತಿದ ದಾರ

೧೯೫೮ರ ಜೂನ್ ೯, ಸೋಮವಾರ, ಬೆಳಿಗ್ಗೆ ಆರೂವರೆ. ಗೋಕಾಕದ ನಮ್ಮ ಮನೆಯಲ್ಲಿ ಅಜ್ಜನ ಕಾಲಿನ ಲೆಕ್ಕ ಬರೆಯಲು ಹಿಡಿದದ್ದು ಅಂದು.

ಅಜ್ಜ ಹಳೆಯ ಪೈಲ್ವಾನ. ಅರವತ್ತೆಂಟನೇ ವಯಸ್ಸಿಗೆ ಎದೆ ಸೋತಿದೆಯೆಂದು ಡಾಕ್ಟರು ಮಲಗಿಸಿದ್ದರು. ಮೂರು ತಿಂಗಳು ಊಟ, ಸ್ನಾನ ಎಲ್ಲ ಮಂಚದ ಮೇಲೆಯೇ. ಕಾಲು ಕೋಲಾದವು. ಆಮೇಲೆ ಅದೇ ಡಾಕ್ಟರು ದಿನಾ ಸ್ವಲ್ಪ ನಡೆಯಲಿ ಎಂದರು. ಅಜ್ಜನ ಆಸೆ ಒಂದೇ: ಓಣಿಯ ಕೊನೆಯ ತಾಲೀಮು ಮನೆಗೆ ತಾನೇ ನಡೆದುಹೋಗಿ ಅಲ್ಲಿಯ ಕುಸ್ತಿ ಕಣದ ಕೆಂಪು ಮಣ್ಣು ಮುಟ್ಟಬೇಕು. ಹೆಣ್ಣುಮಕ್ಕಳು ಒಳಗೆ ಹೋಗುವಂತಿಲ್ಲ. ಸಣ್ಣ ಹೆಜ್ಜೆಯಿಟ್ಟು ಹೊಸ್ತಿಲವರೆಗೆ ಎಣಿಸಿ ಬಂದೆ. ಇನ್ನೂರ ಹತ್ತು.

ಮೊದಲ ದಿನ ಅಜ್ಜ ನಡೆದದ್ದು ಹದಿನಾಲ್ಕು. ಜೂನ್ ೩೦ಕ್ಕೆ ಅರವತ್ತು.

ಪೈಲ್ವಾನರು ಸೋಮವಾರಕ್ಕೊಮ್ಮೆ ಮೀನಖಂಡಕ್ಕೆ ದಾರ ಸುತ್ತಿ, ಅಳತೆಗೆ ಗಂಟು ಹಾಕುತ್ತಾರೆ. ಹಳೆಯ ಗಂಟು ದಾಟಿದರೆ ಮೈ ತುಂಬಿತೆಂದು ಅರ್ಥ. ಅಜ್ಜ ಅದನ್ನು ನನಗೆ ಕಲಿಸಿದ್ದ.

ಜುಲೈ ೭.

“ಏನಂತೈತಿ ತಂಗಿ, ನಿನ್ನ ದಾರ?”

“ಬೆರಳಗಲ ಹೆಚ್ಚೈತಿ ಅಜ್ಜಾ.”

“ಹೆಚ್ಚದ ಏನ ಮಾಡತೈತಿ? ಕುಸ್ತಿ ಆಡಿದ ಕಾಲ ಇದು. ನಿಮ್ಮವ್ವಗ ಹೇಳು, ಇನ್ನೊಂದು ಚರಗಿ ಹಾಲು ತರಲಿ.”

“ನಡಿಯೂದು ನಾಕು ಹೆಜ್ಜಿ, ಹಾಲು ಚರಗಿಗಟ್ಟಲೆ!” ಎಂದು ಅವ್ವ ಒಳಗಿನಿಂದ ಕೂಗಿದಳು. ಹಾಲು ತಂದಳು.

ಅಂದಿನ ಹೆಜ್ಜೆ ನಲವತ್ತೊಂದು. ದಾರದ ಪುಟ ಬೇರೆ, ಹೆಜ್ಜೆಯ ಪುಟ ಬೇರೆ. ಎರಡನ್ನೂ ಕೂಡಿಸಿ ನೋಡಲಿಲ್ಲ.

ಜುಲೈ ೧೪ರಂದು ಮೂಡಲಗಿಯಿಂದ ಅಜ್ಜನ ಹಳೆಯ ಜೋಡಿ ಪೈಲ್ವಾನರೊಬ್ಬರು ಬಂದರು. ಕಾಲಿಗೆ ಎಣ್ಣೆ ತಿಕ್ಕುತ್ತ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಣಿ ಹಾಗೇ ಉಳಿಯಿತು.

“ಇದು ಮಾಂಸ ಅಲ್ಲೋ ಮಾರಾಯಾ, ನೀರು.”

“ಇಷ್ಟು ವರ್ಷ ಆದಮ್ಯಾಲೂ ನನ್ನ ಕೆಡವಾಕ ಬಂದಿ ಏನು?” ಅಜ್ಜ ನಕ್ಕ. ಅವರು ನಗಲಿಲ್ಲ.

ಡಾಕ್ಟರು ಉಪ್ಪು ಬಿಡಿಸಿ, ನೀರು ಇಳಿಯಲು ಔಷಧ ಕೊಟ್ಟರು. ಎರಡು ವಾರಕ್ಕೆ ದಾರ ಮೊದಲ ಗಂಟಿಗಿಂತ ಎರಡು ಬೆರಳು ಒಳಗೆ ಬಂತು. ನಾನು ಮೈ ಎಂದು ಬರೆದದ್ದೆಲ್ಲ ನೀರು.

ಮತ್ತೆ ಹತ್ತರಿಂದ ಶುರು. ನಾನು ಸ್ಟೂಲು ಹಿಡಿದು ಹಿಂದೆ ನಡೆಯುತ್ತಿದ್ದೆ. ಅಕ್ಟೋಬರ್ ೬ರಂದು ನೂರ ಎಪ್ಪತ್ತೆರಡು. ಅಲ್ಲಿ ಕುಳಿತುಬಿಟ್ಟ. ತಾಲೀಮಿನವರು ಬೊಗಸೆಯಲ್ಲಿ ಮಣ್ಣು ತಂದರು. ಅಜ್ಜ ಮುಟ್ಟಲಿಲ್ಲ.

“ಅಲ್ಲೇ ಇಡ್ರಿ ಅದನ್ನ. ನಾನ ಬರ್ತೇನಿ.”

ಮುಂದಿನ ಸೋಮವಾರ ಅಜ್ಜ ಇರಲಿಲ್ಲ. ಮಂಚದ ಮೇಲೆ ಮಲಗಿಸಿದ್ದ ಆ ಮೂರು ತಿಂಗಳೂ ದಿನಕ್ಕೆ ಹತ್ತು ಹೆಜ್ಜೆ ನಡೆಸಿದ್ದರೆ ಉಳಿದ ಮೂವತ್ತೆಂಟು ಹೆಜ್ಜೆ ಆಗುತ್ತಿತ್ತೇ, ಅಥವಾ ಎದೆ ಇನ್ನೂ ಬೇಗ ಸೋಲುತ್ತಿತ್ತೇ? ನನ್ನ ಪುಟಗಳಲ್ಲಿ ಅದಕ್ಕೆ ಉತ್ತರವಿಲ್ಲ. ಇಂಥವರನ್ನು ನೋಡಿಕೊಂಡು ತಿಳಿದವರಿದ್ದರೆ ಎರಡು ಸಾಲು ಬರೆಯಿರಿ.