ಕೋಲು ಹಿಡಿಯುವ ಸರದಿ

ಡಚ್ ಪಟ್ಟಣ ಟಿಲ್‌ಬರ್ಗಿನ ಗೋದಾಮೊಂದರಲ್ಲಿ ರುಕ್ಮಿಣಿ ಒಂಬತ್ತು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಳು. ಮೈಸೂರಿನಲ್ಲಿ ಪಡೆದ ಬಿ.ಎಸ್ಸಿ. ಪದವಿಯನ್ನು ಈ ದೇಶದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಂಡನ ಕೆಲಸದ ಪರ್ಮಿಟ್ಟಿನ ಮೇಲೆ ಬಂದು ನಾಲ್ಕು ವರ್ಷ ಮನೆಯಲ್ಲಿ ಕೂತು ಬೇಸತ್ತ ಮೇಲೆ ಸಿಕ್ಕ ಕೆಲಸಕ್ಕೆ ಸೇರಿದಳು. ವಾಹನದ ಮುಂದಿನ ಎರಡು ಉಕ್ಕಿನ ತೋಳುಗಳನ್ನು ಸರಕು ಹೇರಿದ ಮರದ ಪ್ಯಾಲೆಟ್ಟಿನ ಸಂದಿಗೆ ತೂರಿಸುವುದು ಅವಳ ಕೆಲಸ. ಆಚೆ ಈಚೆ ಎರಡೆರಡು ಬೆರಳಿನಷ್ಟೇ ಜಾಗ. ದಿನಕ್ಕೆ ಇನ್ನೂರು ಸಲ ತೂರಿಸುತ್ತಿದ್ದಳು. ಮರ ತಾಗಿಸಿದ್ದು ಯಾರಿಗೂ ನೆನಪಿಲ್ಲ.

ಇದು ಅವಳ ಗಂಡ ನಂಜುಂಡಸ್ವಾಮಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಅವನ ತಲೆಗೆ ಹೋಗಿರಲಿಲ್ಲ, ಅಷ್ಟೆ.

ಅವರ ಬಡಾವಣೆಯ ಸಂಘದವರು ಪ್ರತಿ ಜೂನ್ ತಿಂಗಳಲ್ಲಿ ತಮ್ಮ ಅಜ್ಜಂದಿರ ಕಾಲದ ಜಾತ್ರೆಯ ಆಟಗಳನ್ನು ಮೈದಾನದಲ್ಲಿ ಹೂಡುತ್ತಾರೆ. ಸುತ್ತಿಗೆಯಿಂದ ಗುದ್ದಿ ಗಂಟೆ ಬಾರಿಸುವುದು, ಸಾಬೂನು ಬಳಿದ ಕಂಬ ಹತ್ತುವುದು, ಕೊಡಲಿಯ ಮೂರೇಟಿಗೆ ಉದ್ದನೆಯ ಕೇಕು ತುಂಡರಿಸುವುದು. ಎಲ್ಲಕ್ಕಿಂತ ಹೆಚ್ಚು ಜನ ಸೇರುವುದು ಬಾನಿಯ ಆಟಕ್ಕೆ. ಎರಡು ಕಂಬಗಳ ನಡುವೆ ನೀರು ತುಂಬಿದ ಮರದ ಬಾನಿ ತೂಗುತ್ತಿರುತ್ತದೆ. ಅದರ ತಳಕ್ಕೆ ಮೊಳೆ ಹೊಡೆದು ನೆಟ್ಟಗೆ ಇಳಿಬಿಟ್ಟ ಹಲಗೆಯಲ್ಲಿ ಒಂದು ತೂತು. ಒಬ್ಬರು ಕೋಲು ಹಿಡಿದು ಗಾಡಿಯಲ್ಲಿ ಕೂರಬೇಕು, ಇನ್ನೊಬ್ಬರು ಹಿಂದಿನಿಂದ ತಳ್ಳಿಕೊಂಡು ಓಡಬೇಕು. ಕೋಲು ತೂತಿಗೆ ಹೊಕ್ಕರೆ ಕೈಬಿಟ್ಟು ನೆನೆಯದೆ ಆಚೆ ಹೋಗಬಹುದು. ಹಲಗೆಗೆ ಬಡಿದರೆ ಬಾನಿ ತಲೆಯ ಮೇಲೆ ಮಗುಚುತ್ತದೆ. ಹಿಂದೆ ಗಾಡಿಗೆ ಕುದುರೆ ಕಟ್ಟುತ್ತಿದ್ದರಂತೆ, ಕೋಲು ಗಂಡಸರ ಕೈಯಲ್ಲೇ ಇರುತ್ತಿತ್ತಂತೆ. ಕುದುರೆ ಹೋಯಿತು. ರುಕ್ಮಿಣಿಯ ಮನೆಯಲ್ಲಿ ಕುದುರೆಯ ಕೆಲಸ ಅವಳಿಗೆ ಬಂತು.

ಏಳು ವರ್ಷ ತಳ್ಳಿದಳು. ಏಳು ವರ್ಷವೂ ನಂಜುಂಡಸ್ವಾಮಿ ನೆನೆದ, ಏಳು ವರ್ಷವೂ ಗಾಡಿ ಸೊಟ್ಟಗೆ ಬಂತು ಎಂದ, ನೋಡಲು ಬಂದ ಗೆಳೆಯರಿಗೂ ಅದನ್ನೇ ಹೇಳಿದ. ಇರಬಹುದೆಂದುಕೊಂಡು ಅವಳು ಮನೆಯ ಹಿಂದಿನ ಓಣಿಯಲ್ಲಿ ಖಾಲಿ ಗಾಡಿ ತಳ್ಳಿ ಅಭ್ಯಾಸ ಮಾಡಿದ್ದೂ ಉಂಟು. ಕಳೆದ ವರ್ಷ ಸಂಘದ ಪತ್ರಿಕೆಯಲ್ಲಿ ಫೋಟೊ ಬಂತು. ಗಾಡಿ ನೆಟ್ಟಗಿತ್ತು. ಕೋಲು ಹಿಡಿದವನ ಕಣ್ಣು ಬಿಗಿಯಾಗಿ ಮುಚ್ಚಿತ್ತು. ತೋರಿಸಿದರೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದ. ಫೋಟೊದಲ್ಲಿ ಹಿಂದೆ ನಿಂತವರೆಲ್ಲ ಮಳೆಗೆ ಕೊಡೆ ಹಿಡಿದಿದ್ದರು.

ಈ ವರ್ಷ ಹೆಸರು ಕೊಡುವ ಫಾರ್ಮನ್ನು ರುಕ್ಮಿಣಿಯೇ ತುಂಬಿದಳು, ಅವನಿಗೆ ಹೇಳದೆ. ಆಟದ ದಿನ ಮೇಜಿನ ಹಿಂದೆ ಕೂತಿದ್ದ ಸಂಘದ ಹಿರಿಯ ಯೋಸ್, ಕೋಲಿಗೆ ರುಕ್ಮಿಣಿ, ತಳ್ಳಲು ನಂಜುಂಡಸ್ವಾಮಿ ಎಂದು ಓದಿದ. ನಂಜುಂಡಸ್ವಾಮಿ ನಕ್ಕು, ಅದಲುಬದಲಾಗಿದೆ, ತಿದ್ದಿಬಿಡಿ ಎಂದ. ಯೋಸ್ ಒಪ್ಪಲಿಲ್ಲ. ಪಟ್ಟಿಯನ್ನು ಆಗಲೇ ಎಲ್ಲರಿಗೂ ಕಾಣುವಂತೆ ಅಂಟಿಸಿಯಾಗಿದೆ. ಅದರಲ್ಲಿದ್ದಂತೆ ಆಡಬೇಕು, ಇಲ್ಲವೇ ಬಿಡಬೇಕು. ಈ ದೇಶದ ಪಟ್ಟಿಗಳು ರುಕ್ಮಿಣಿಯನ್ನು ಎಷ್ಟೋ ಸಲ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದವು. ಮೊದಲ ಬಾರಿಗೆ ಒಂದು ಪಟ್ಟಿ ಅವಳ ಕಡೆ ನಿಂತಿತು.

“ನಿಂಗ್ಯಾಕೆ ಬೇಕು ಇದೆಲ್ಲ? ಜನ ನಗ್ತಾರೆ ಕಣೆ,” ಎಂದ ನಂಜುಂಡಸ್ವಾಮಿ.

“ಏಳು ವರ್ಷದಿಂದ ನಗ್ತಾನೇ ಇದಾರಲ್ಲ ರೀ. ತಳ್ಳಿ.”

ಒಂದು ಜೋಡಿಗೆ ಮೂರು ಅವಕಾಶ. ಮೊದಲ ಸಲ ಗಾಡಿ ಚೆನ್ನಾಗಿಯೇ ಹೊರಟಿತು. ಪ್ಯಾಲೆಟ್ಟಿನ ಸಂದಿಯಂತೆಯೇ ತೂತು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಇನ್ನೊಂದು ಮಾರು ಇದೆ ಎನ್ನುವಾಗ ಗಾಡಿ ನಿಂತುಬಿಟ್ಟಿತು. ಬಾನಿಯನ್ನು ನೋಡಿ ಗಂಡನ ಕಾಲು ತಾನಾಗಿ ನಿಂತಿತ್ತು. ಎರಡನೆಯ ಸಲ ಅವನು ನಿಲ್ಲಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಓಡಿದ. ಗಾಡಿ ಎಡಕ್ಕೆ ಎಳೆಯಿತು, ಕೋಲು ಹಲಗೆಗೆ ಬಡಿಯಿತು, ನೀರು ಇಬ್ಬರ ಮೇಲೂ ಸುರಿಯಿತು.

“ನೋಡಿದ್ಯಾ? ಅಷ್ಟು ಈಸಿ ಅಲ್ಲ ಅದು,” ಎಂದ, ಕನ್ನಡಕ ಒರೆಸುತ್ತ.

ರುಕ್ಮಿಣಿಗೆ ಅಳು ಬರುವಷ್ಟು ಸಿಟ್ಟು ಬಂತು, ಅಳಲಿಲ್ಲ. ತಾನು ಕೂತರೂ ತಳ್ಳಿದರೂ ಆಟ ಅವನ ಕಣ್ಣಿನ ಮೇಲೆಯೇ ನಿಂತಿದೆ. ಬಾನಿಗಿಂತ ಮೂರು ಹೆಜ್ಜೆ ಹಿಂದೆ ಹುಲ್ಲಿನ ಮೇಲೆ ಎಳೆದಿದ್ದ ಸುಣ್ಣದ ಗೆರೆಯನ್ನು ತೋರಿಸಿದಳು.

“ಆ ಗೆರೆ ತನಕ ಜೋರಾಗಿ ತಳ್ಳಿ. ಗೆರೆ ಬಂದ ತಕ್ಷಣ ಕೈ ಬಿಟ್ಟುಬಿಡಿ. ನೀವು ಮುಂದಕ್ಕೆ ಬರ್ಲೇಬೇಡಿ.”

ಇದಕ್ಕೆ ಅವನು ಬೇಗ ಒಪ್ಪಿದ. ಗೆರೆಯಲ್ಲಿ ಕೈಬಿಟ್ಟ. ಗಾಡಿ ತನ್ನಷ್ಟಕ್ಕೆ ಉರುಳಿತು, ಹಿಂದೆ ಯಾರೂ ಇಲ್ಲದೆ, ನೆಟ್ಟಗೆ. ಕೋಲು ಎಲ್ಲೂ ತಾಗದೆ ತೂತಿಗೆ ಹೋಯಿತು. ಅವಳು ಕೈಬಿಟ್ಟು ಬಾನಿಯ ಕೆಳಗೆ ದಾಟಿದಳು. ಹೊಸದಾಗಿ ಒಂದು ಹನಿಯೂ ಬೀಳಲಿಲ್ಲ.

ಯೋಸ್ ಆಗದೆಂದು ತಲೆಯಾಡಿಸಿದ. ತಳ್ಳುವವರೂ ಬಾನಿಯ ಕೆಳಗೆ ದಾಟಬೇಕು. ಅಜ್ಜಂದಿರ ಕಾಲದಿಂದ ನಿಯಮ ಹಾಗೆಯೇ ಇದೆ, ಕುದುರೆಯೂ ದಾಟುತ್ತಿತ್ತು. ಲೆಕ್ಕಕ್ಕಿಲ್ಲ. ನಂಜುಂಡಸ್ವಾಮಿ ಮೇಜಿಗೆ ಹೋಗಿ, ನಾವು ತೂರಿಸಿದ್ದನ್ನು ಎಲ್ಲರೂ ನೋಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕಾಲು ಗಂಟೆ ವಾದಿಸಿದ. ‘ನಾವು’ ಎಂದದ್ದು ರುಕ್ಮಿಣಿಗೆ ದೂರದಿಂದಲೂ ಕೇಳಿಸಿತು. ಕೋಲು ಇನ್ನೂ ತೂತಿನಲ್ಲೇ ತೂಗಾಡುತ್ತಿತ್ತು.

ಮನೆಗೆ ನಡೆಯುವಾಗ ಅವನು, “ಮುಂದಿನ ವರ್ಷ ನಾನೇ ಕೂರ್ತೀನಿ, ಟ್ರಿಕ್ ಗೊತ್ತಾಯ್ತಲ್ಲ,” ಎಂದ.

ಸೋಮವಾರ ಗೋದಾಮಿನಲ್ಲಿ ಊಟದ ಹೊತ್ತಿಗೆ, ಪಕ್ಕದ ಸಾಲಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಬೆಂಗಳೂರಿನ ನವ್ಯಾಳನ್ನು, ತಲೆ ಮೇಲೆ ನೀರು ಬಿದ್ದರೆ ನಿನಗೇನಾದರೂ ಭಯವೇ ಎಂದು ಕೇಳಿದಳು.

“ನೀರಾ? ಅಕ್ಕಾ, ಈ ಊರಿನ ಮಳೇಲಿ ನಾನು ದಿನಾ ಸೈಕಲ್ಲಲ್ಲಿ ಬರೋಳು.”

ಮುಂದಿನ ವರ್ಷದ ಫಾರ್ಮನ್ನು ಮಾರ್ಚ್ ತಿಂಗಳಿಗಿಂತ ಮೊದಲು ಕೊಡುವುದಿಲ್ಲವಂತೆ. ರುಕ್ಮಿಣಿ ಅದನ್ನು ಆಗಲೇ ವಿಚಾರಿಸಿಕೊಂಡು ಬಂದಿದ್ದಳು.