ರಾಮಪರಿಯ ತವರಿನ ರೈಲು

ಮೂವತ್ತೊಂದು ವರ್ಷ ನಾನು ಗಾರ್ಡ್ ಆಗಿದ್ದ ಗಾಡಿಯನ್ನು ರೈಲು ಎಂದು ಕರೆಯಲು ಹೊರಗಿನವರು ಹಿಂದೆಮುಂದೆ ನೋಡುತ್ತಿದ್ದರು. ನಮ್ಮ ನೇಪಾಳದ ಜನಕಪುರದಿಂದ ಹೊರಟು, ಗಡಿ ದಾಟಿ, ಹಿಂದೂಸ್ತಾನದ ಜಯನಗರಕ್ಕೆ ಹೋಗಿ ಬರುವ ಸಣ್ಣ ಹಳಿಯ ಗಾಡಿ ಅದು. ಒಳಗೆಷ್ಟು ಜನವೋ ಚಾವಣಿಯ ಮೇಲೂ ಅಷ್ಟೇ ಜನ. ಮೇಕೆ, ಸೈಕಲ್ಲು, ಮೊಸರಿನ ಗಡಿಗೆ, ಮದುವೆ ದಿಬ್ಬಣ ಎಲ್ಲವೂ ಅದರಲ್ಲೇ. ನೀನು ಯಾವ ದೇಶದವನು ಎಂದು ನಾನು ಯಾರನ್ನೂ ಕೇಳಿದವನಲ್ಲ. ಆಚೆ ಹುಟ್ಟಿದ ಹೆಣ್ಣು ಈಚೆ ಸೊಸೆ, ಈಚೆಯವಳು ಆಚೆಗೆ. ಲಾಗಾಯ್ತಿನಿಂದ ನಮ್ಮ ಕಡೆ ನಡೆದುಬಂದಿರುವುದು ಹೀಗೆ. ಅಂಥವರನ್ನು ದೇಶ ಕೇಳುತ್ತಾ ಕೂತರೆ ಗಾಡಿ ಹೊರಡುವುದು ಯಾವಾಗ?

ರಾಮಪರಿ ದೇವಿ ಆಚೆಯಿಂದ ಬಂದವಳು. ಹದಿಮೂರನೆಯ ವಯಸ್ಸಿಗೆ ಅದೇ ಗಾಡಿಯಲ್ಲಿ, ಅಳುತ್ತಾ, ನಮ್ಮ ಸಿಮ್ರಾಹಾ ಹಳ್ಳಿಯ ಜೀಬಛ್ ಮುಖಿಯಾನ ಹೆಂಡತಿಯಾಗಿ ಬಂದಿಳಿದಳಂತೆ. ಬೆಸ್ತರ ಮನೆ. ಒಂದು ಕೆರೆ, ಅದರಲ್ಲಿ ಒಂದಿಷ್ಟು ಮೀನು, ನೀರ ಮೇಲೆ ತಾವರೆಯಂತೆ ಹರಡಿದ ಮಖಾನದ ಎಲೆ. ಜೀಬಛ್ ನೀರಿನಲ್ಲಿ ಮುಳುಗಿ ಕೆಸರಿನಿಂದ ಬೀಜ ಬಾಚಿ ತರುತ್ತಿದ್ದ. ರಾಮಪರಿ ಕಾದ ಬಾಣಲೆಯಿಂದ ಸುಡುಸುಡು ಬೀಜ ತೆಗೆದು, ಕೊಡತಿಯಲ್ಲಿ ಬಡಿದು ಅರಳಿಸುತ್ತಿದ್ದಳು. ಅವಳ ಬೆರಳ ತುದಿಗಳು ಸುಟ್ಟು ಸುಟ್ಟು ಕಲ್ಲಾಗಿದ್ದವು. ಮಕ್ಕಳಾಗಲಿಲ್ಲ. ಅದಕ್ಕಾಗಿ ಜೀಬಛ್ ಅವಳನ್ನು ಒಂದು ಮಾತೂ ಅಂದವನಲ್ಲ ಎಂದು ಊರೇ ಹೇಳುತ್ತಿತ್ತು.

ಅವಳಿಗೆ ಇದ್ದ ಒಂದೇ ಹುಚ್ಚು ತವರು. ತವರೆಂದರೆ ಜಯನಗರದ ಪಕ್ಕದ ಹಳ್ಳಿಯಲ್ಲಿರುವ ಅಣ್ಣ ಅಸರ್ಫಿ. ಸಿಮ್ರಾಹಾದಲ್ಲಿ ಆಗ ಸ್ಟೇಷನ್ನು ಇರಲಿಲ್ಲ, ಡ್ರೈವರ್ ನಿಧಾನ ಮಾಡುತ್ತಿದ್ದ, ಜನ ಹಾರಿ ಹತ್ತುತ್ತಿದ್ದರು. ರಾಮಪರಿ ಮಾತ್ರ ಹಾರುತ್ತಿರಲಿಲ್ಲ. ಹಳಿಯ ಪಕ್ಕ ಬುಟ್ಟಿ ಇಟ್ಟುಕೊಂಡು ನಿಂತು ಕೂಗುವಳು:

"ಗಾರ್ಡ್ ಬಾಬೂ, ನಿಲ್ಸಿ! ನಿಮ್ಮ ಗಾಡಿಗಿಂತ ನಮ್ಮ ಎಮ್ಮೆ ಮುಂಚೆ ಮುಟ್ಟುತ್ತೆ, ಅಷ್ಟೇನು ಅವಸರ?"

"ಹಂಗಾದ್ರೆ ಎಮ್ಮೆ ಮೇಲೇ ಹೋಗಿ ಅತ್ತಿಗೆ. ಅದಕ್ಕೆ ಟಿಕೆಟ್ಟೂ ಬೇಡ."

"ಇದಕ್ಕೇನು ತಗೊಂಡಿದ್ದೀನಾ ಈಗ?"

ಡಬ್ಬಿಯೆಲ್ಲ ನಗುತ್ತಿತ್ತು. ನಾನು ಕೆಂಪು ಬಾವುಟ ತೋರಿಸುತ್ತಿದ್ದೆ, ಅವಳು ಹತ್ತುತ್ತಿದ್ದಳು.

ಜೀಬಛ್ ಕಾಮಾಲೆಯಾಗಿ ಸತ್ತ. ಅದಾದ ಎರಡು ವರ್ಷಕ್ಕೆ ನಮ್ಮ ಗಾಡಿಯೂ ನಿಂತಿತು. ಹಳೆಯ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕುತ್ತಾರೆ, ಎರಡೂ ದೇಶ ಸೇರಿ ಮಾಡುವ ಕೆಲಸ, ಎರಡೇ ವರ್ಷ, ಆಮೇಲೆ ಜಯನಗರ ಅರ್ಧ ಗಂಟೆ ಎಂದರು. ಆದದ್ದು ಎಂಟು ವರ್ಷ. ನನ್ನ ಕೈಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಐವತ್ತಮೂರು ವರ್ಷಕ್ಕೆ ಬಾವುಟ ಕಳೆದುಕೊಂಡವನಿಗೆ ಗಡಿಯಾರ ಯಾಕೆ ಬೇಕು ಎಂದು ನನ್ನ ಹೆಂಡತಿಗೂ ತಿಳಿಯಲಿಲ್ಲ.

ಹೊಸ ಹಳಿಗೆ ಅಗಲ ಬೇಕು. ಅಳತೆಯವರು ಬಂದು ಸುಣ್ಣದ ಗೆರೆ ಎಳೆದರು. ಗೆರೆ ರಾಮಪರಿಯ ಕೆರೆಯ ಮಧ್ಯದಲ್ಲೇ ಹೋಯಿತು. ಅರಳಿಕಟ್ಟೆಯ ಹತ್ತಿರ ಸಭೆ ಸೇರಿದಾಗ ಗಂಡಸರೆಲ್ಲ ಕೊಡುವುದಿಲ್ಲ ಎಂದು ಕೂಗಾಡಿದರು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹಿಂದೆ ಕೂತಿದ್ದ ರಾಮಪರಿ ಎದ್ದು ನಿಂತಳು.

"ನಂದು ತಗೊಳ್ಳಿ. ಆದ್ರೆ ಇಲ್ಲಿ ಗಾಡಿ ನಿಲ್ಬೇಕು. ನನ್ನ ಮಂಡಿ ಹೋಗಿದೆ, ಜೀಪು ಹತ್ತಿದ್ರೆ ವಾಂತಿ ಆಗುತ್ತೆ. ಗಾಡಿ ಇಲ್ದೆ ನನ್ನ ಅಣ್ಣನ ಮುಖ ನಾನು ನೋಡೋದು ಹೆಂಗೆ?"

ಒಬ್ಬ ವಿಧವೆ ಹಾಗೆ ಅಂದ ಮೇಲೆ ಗಂಡಸರಿಗೆ ಬಾಯಿ ಎಲ್ಲಿ? ಒಬ್ಬೊಬ್ಬರಾಗಿ ಒಪ್ಪಿದರು. ಇಂದು ಸಿಮ್ರಾಹಾದಲ್ಲಿ ಹಾಲ್ಟ್ ಇದ್ದರೆ ಅದು ಅವಳಿಂದ. ಉದ್ಘಾಟನೆಯ ಭಾಷಣದಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ.

ಭೂಮಿ ಸಮಿತಿಯ ಕಾರ್ಯದರ್ಶಿ ಬಿಲಟ್ ಮುಖಿಯಾ, ಜೀಬಛ್‌ನ ತಮ್ಮ, ರಾಮಪರಿಗೆ ಮೈದುನ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಮನುಷ್ಯ. ಹೊಸ ಗಾಡಿಗೆ ಫೋಟೋ ಇರುವ ಗುರುತಿನ ಕಾರ್ಡು ಬೇಕೆಂದು ಆಗಲೇ ಸುದ್ದಿಯಿತ್ತು. ರಾಮಪರಿಯ ಹತ್ತಿರ ಆಚೆಯದೂ ಇಲ್ಲ, ಈಚೆಯದೂ ಇಲ್ಲ. ಮದುವೆಯಾಗಿ ಬಂದವಳಿಗೆ ಪೌರತ್ವ ಸಿಗಬೇಕಾದರೆ ಗಂಡನ ಮನೆಯವರು ಇವಳು ನಮ್ಮವಳು ಎಂದು ಸಹಿ ಹಾಕಬೇಕು. ಆ ಮನೆಯಲ್ಲಿ ಉಳಿದಿದ್ದವನು ಬಿಲಟ್ ಒಬ್ಬನೇ.

"ಜಮೀನಿನ ಕಾಗದ, ನಿಮ್ಮ ಕಾರ್ಡಿನ ಕಾಗದ ಎರಡೂ ಒಟ್ಟಿಗೇ ಮಾಡಿಸ್ತೀನಿ ಅತ್ತಿಗೆ. ನೀವು ಬಂದು ಹೆಬ್ಬೆಟ್ಟು ಒತ್ತಿದ್ರೆ ಸಾಕು," ಎಂದ.

ಹೆಬ್ಬೆಟ್ಟಿನವರ ಕಾಗದವನ್ನು ಓದು ಬರುವವನೊಬ್ಬ ಓದಿ ಹೇಳಿ, ಕೆಳಗೆ 'ಓದಿ ತಿಳಿಸಿದೆ' ಎಂದು ಸಹಿ ಹಾಕುವುದು ನಮ್ಮಲ್ಲಿ ರೂಢಿ. ಬಿಲಟ್ ನನ್ನನ್ನು ಕರೆದ. ರಾಮಪರಿಯೂ "ಗಾರ್ಡ್ ಬಾಬುನೇ ಬರ್ಲಿ, ಅವ್ರ ಮೇಲೆ ನಂಗೆ ನಂಬಿಕೆ" ಎಂದಳಂತೆ. ಮೂವರೂ ಜನಕಪುರಕ್ಕೆ ಹೋದೆವು. ದಾರಿಯಲ್ಲಿ ಬಿಲಟ್ ನನ್ನ ಹೆಗಲ ಮೇಲೆ ಕೈ ಹಾಕಿದ.

"ಹೊಸ ಗಾಡಿಗೆ ಹಳೇ ಗಾರ್ಡುಗಳನ್ನ ತಗೋತಾರಂತೆ ಕರ್ಣ ಬಾಬು. ಈ ಊರಿಂದ ಹೆಸರು ಕಳ್ಸೋದು ನಾನೇ."

ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಅರ್ಜಿ ಬರೆಯುವವನು ನೇಪಾಳಿಯಲ್ಲಿ ಕೇಳುತ್ತಾ ಬರೆಯುತ್ತಾ ಹೋದ. ರಾಮಪರಿಗೆ ನಮ್ಮ ಮೈಥಿಲಿ ಬಿಟ್ಟರೆ ಬೇರೆ ಭಾಷೆ ಬಾರದು. ಅವನು ಸತ್ತವನ ಹೆಸರು ಕೇಳಿದಾಗ ಬಿಲಟ್ ಅವಳ ಕಡೆ ಬಗ್ಗಿದ.

"ಅಣ್ಣನ ಹೆಸರು ಕೇಳ್ತಿದ್ದಾರೆ. ನೀವು ಹೇಳೋ ಹಾಗಿಲ್ವಲ್ಲ, ಆಚೆ ತಿರುಗಿ ಕೂತ್ಕೊಳ್ಳಿ ಅತ್ತಿಗೆ, ನಾನು ಹೇಳ್ತೀನಿ."

ನಮ್ಮ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ; ತಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಭಯ. ಅವನು ಸತ್ತ ಮೇಲೂ ಬಾಯಿ ಬರುವುದಿಲ್ಲ. ರಾಮಪರಿ ಸೆರಗು ಎಳೆದುಕೊಂಡು ಬೆನ್ನು ಮಾಡಿ ಕೂತಳು. ಅವಳ ಬೆನ್ನ ಹಿಂದೆ ಬಿಲಟ್ ತನಗೆ ಬೇಕಾದುದನ್ನೆಲ್ಲ ಬರೆಸಿದ. ಅವಳು ಒಂದೇ ಒಂದು ಸಲ 'ನಾನು ಜೀಬಛ್ ಮುಖಿಯಾನ ಹೆಂಡತಿ' ಎಂದಿದ್ದರೆ ಬರೆಯುವವನ ಪೆನ್ನು ಅಲ್ಲೇ ನಿಲ್ಲುತ್ತಿತ್ತು.

ಕಾಗದ ನನ್ನ ಕೈಗೆ ಬಂತು. ಓದಿದೆ. ಸತ್ತ ಜೀಬಛ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ತಮ್ಮ ಬಿಲಟ್ ಒಬ್ಬನೇ ವಾರಸುದಾರ, ಕೆರೆಯ ಪರಿಹಾರದ ಹಣ ಅವನಿಗೇ ಸಲ್ಲಬೇಕು ಎಂದಿತ್ತು. ಕೆಳಗೆ ಸಾಕ್ಷಿ: ರಾಮಪರಿ, ನೆರೆಮನೆಯ ವಿಧವೆ. ಕಾರ್ಡಿನ ಮಾತು ಎಲ್ಲಿಯೂ ಇರಲಿಲ್ಲ. ತನಗೆ ಗಂಡನೇ ಇರಲಿಲ್ಲ ಎನ್ನುವುದಕ್ಕೆ ತಾನೇ ಸಾಕ್ಷಿ ನಿಲ್ಲಲು ಬಂದಿದ್ದಳು ಆ ಮುಗ್ಧೆ. ಬಿಲಟ್ ನನ್ನನ್ನೇ ನೋಡುತ್ತಿದ್ದ.

"ಏನು ಬರ್ದಿದೆ, ಗಾರ್ಡ್ ಬಾಬು?" ಎಂದಳು ರಾಮಪರಿ.

"ಎಲ್ಲ ಸರಿಯಾಗಿದೆ ಅತ್ತಿಗೆ. ಒತ್ತಿ."

ನಾಲ್ಕೇ ಮಾತು. ಅವಳು ಒತ್ತಿದಳು. ಸುಟ್ಟ ಬೆರಳಾದ್ದರಿಂದ ಗುರುತು ಸರಿಯಾಗಿ ಮೂಡದೆ ಮೂರು ಸಲ ಒತ್ತಬೇಕಾಯಿತು. ಮೂರು ಸಲವೂ ನಾನು ಬಾಯಿ ಬಿಡಬಹುದಾಗಿತ್ತು, ಬಿಡಲಿಲ್ಲ. ನಾನು ಎಂಥ ನೀಚ ಎಂದು ಓದುವವರು ಬೈದುಕೊಳ್ಳಲಿ, ನನಗೆ ಬೇಸರವಿಲ್ಲ. ಬಿಲಟ್ ಅವಳಿಗೆ ಅದರದೇ ಒಂದು ಪ್ರತಿ ಕೊಟ್ಟು, "ಇದನ್ನ ಜೋಪಾನವಾಗಿ ಇಟ್ಕೊಳ್ಳಿ, ಗಾಡಿ ಬಂದಾಗ ಇದೇ ನಿಮ್ಮ ಕಾರ್ಡು" ಎಂದ. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿಯ ಮಡಕೆಯೊಳಗೆ ಇಟ್ಟಳು.

ಹೊಸ ಗಾಡಿ ಕೊನೆಗೂ ಬಂತು. ನೀಲಿ ಬಣ್ಣ, ಒಳಗೆ ಫ್ಯಾನು, ಕೂತರೆ ಅಲ್ಲಾಡದು. ಗಾರ್ಡುಗಳು ಬೇರೆ ಊರಿನ ಯುವಕರು. ನನ್ನ ಹೆಸರು ಕಳಿಸಿದ್ದಾಗಿ ಬಿಲಟ್ ಇಂದಿಗೂ ಹೇಳುತ್ತಾನೆ. ಕಳಿಸಿದ್ದರೆ ಅದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಆದರೂ ಗಾಡಿಯ ಹೊತ್ತಿಗೆ ಪ್ಲಾಟ್‌ಫಾರಂಗೆ ಹೋಗಿ ನಿಲ್ಲುವ ಚಟ ನನ್ನನ್ನು ಬಿಡಲಿಲ್ಲ.

ಆ ವರ್ಷ ದೀಪಾವಳಿಗೆ ಮೊದಲು ಅಸರ್ಫಿಗೆ ಲಕ್ವ ಹೊಡೆಯಿತು. ದೀಪಾವಳಿ ಅಮಾವಾಸ್ಯೆಯಾದ ಎರಡನೆಯ ದಿನ ಅಣ್ಣತಮ್ಮಂದಿರ ಬಿದಿಗೆ. ಅಕ್ಕತಂಗಿಯರು ಅಂಗಳದಲ್ಲಿ ರಂಗೋಲಿ ಬರೆದು, ಅಣ್ಣನ ಅಂಗೈಗೆ ಅಕ್ಕಿಹಿಟ್ಟು, ಕುಂಕುಮ ಹಚ್ಚಿ, ವೀಳ್ಯ, ಮಖಾನ ಇಟ್ಟು ನೀರು ಬಿಡುತ್ತಾರೆ. ಅವನ ಆಯುಸ್ಸು ಬೆಳೆಯಲೆಂದು. ಈ ಹಬ್ಬಕ್ಕೆ ಮಾತ್ರ ಯಾವಾಗಲೂ ಅಸರ್ಫಿಯೇ ಇಲ್ಲಿಗೆ ಬರುತ್ತಿದ್ದ. ಈ ಸಲ ಅವನು ಮಂಚದಿಂದ ಏಳಲಾರ. ತಂಗಿ ಬರಲಿ, ಅಲ್ಲಿಯವರೆಗೆ ಹನಿ ನೀರೂ ಬೇಡ ಎಂದು ಹೇಳಿಕಳಿಸಿದ್ದ.

ರಾಮಪರಿ ಬೆಳಿಗ್ಗೆ ಬುಟ್ಟಿ ತುಂಬ ಮಖಾನ, ಒಂದು ಚಂಬು ನೀರು, ಅಕ್ಕಿಹಿಟ್ಟಿನ ಬಟ್ಟಲು ಹಿಡಿದು ಹಾಲ್ಟಿಗೆ ಬಂದಳು. ಹಳದಿ ಸೀರೆ. ನನ್ನನ್ನು ನೋಡಿ ನಕ್ಕಳು.

"ಇವತ್ತು ಟಿಕೆಟ್ ತಗೊಂಡೇ ಹತ್ತೋದು, ಗಾರ್ಡ್ ಬಾಬು. ಕಾಗದ ಇದೆ ನನ್ನ ಹತ್ರ."

ನಾನು ಓಡಿಹೋಗಿ ಅವಳನ್ನು ತಡೆಯಬೇಕಿತ್ತು. ಕಂಬದ ಪಕ್ಕಕ್ಕೆ ಸರಿದು ನಿಂತೆ.

ಕಿಟಕಿಯ ಆಚೆ ಟಿಕೆಟ್ ಕೊಡುವಾಕೆ ಹೊಸದಾಗಿ ಮದುವೆಯಾದವಳು. ಚೀಲದಿಂದ ಕಾಗದ ಬಿಚ್ಚಿ ಓದಿದಳು, ಮತ್ತೊಮ್ಮೆ ಓದಿದಳು.

"ಇದು ಕಾರ್ಡಲ್ಲ ಅಮ್ಮ. ನೀವು ಯಾರು?"

"ಈ ಪ್ಲಾಟ್‌ಫಾರಂ ಕೆಳಗೆ ಇರೋದು ನನ್ನ ಕೆರೆ ಮಗಳೇ. ನಾನು ಇದೇ ಊರ ಸೊಸೆ."

"ಯಾರ ಮನೆ ಸೊಸೆ? ಗಂಡನ ಹೆಸರೇನು?"

ಹಿಂದೆ ಸಾಲು ಬೆಳೆಯುತ್ತಿತ್ತು. ದೂರದಲ್ಲಿ ಗಾಡಿ ಕೂಗಿತು. ರಾಮಪರಿ ಸುತ್ತ ನೋಡಿದಳು, ಅವಳ ಪರವಾಗಿ ಹೆಸರು ಹೇಳುವ ಗಂಡಸು ಯಾರೂ ಮುಂದೆ ಬರಲಿಲ್ಲ. ಸೆರಗು ಹಿಂದಕ್ಕೆ ತಳ್ಳಿ ಕಿಟಕಿಯ ಸರಳು ಹಿಡಿದಳು.

"ಜೀಬಛ್," ಎಂದಳು. "ಜೀಬಛ್ ಮುಖಿಯಾ. ಜೀಬಛ್ ಮುಖಿಯಾನ ಹೆಂಡತಿ ನಾನು!"

ಸಾಲಿನಲ್ಲಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಐವತ್ತು ವರ್ಷ ಕಾಪಾಡಿಕೊಂಡಿದ್ದ ಮಾತು. ಟಿಕೆಟ್ ಕೊಡುವಾಕೆಯ ಕಣ್ಣಲ್ಲಿ ನೀರು ಬಂತು, ನಾನು ನೋಡಿದೆ. ಆದರೂ ಕಾಗದ ತಿರುಗಿಸಿ ತೋರಿಸಿದಳು.

"ಅವರಿಗೆ ಹೆಂಡತಿನೇ ಇರ್ಲಿಲ್ಲ ಅಂತ ಇಲ್ಲಿದೆ ಅಮ್ಮ. ಅದಕ್ಕೆ ಸಾಕ್ಷಿ ನಿಮ್ಮದೇ ಹೆಬ್ಬೆಟ್ಟು. ಯಾರೋ ಓದಿ ತಿಳ್ಸಿದ್ದಾರೆ ನಿಮಗೆ. ಕುಶೇಶ್ವರ ಲಾಲ್ ಕರ್ಣ, ಗಾರ್ಡ್ ಅಂತ ಸಹಿ ಇದೆ."

ಗಾಡಿ ಬಂದು ನಿಂತಿತು. ಜನ ಹತ್ತಿದರು. ರಾಮಪರಿ ಕಾಗದ ಹಿಡಿದುಕೊಂಡು ನಾನು ನಿಂತಿದ್ದ ಕಂಬದ ಹತ್ತಿರ ಬಂದಳು. ಬೈದರೆ ಬೈಸಿಕೊಳ್ಳೋಣ ಎಂದುಕೊಂಡೆ. ಅವಳು ಬೈಯಲಿಲ್ಲ.

"ಬಿಲಟನಿಗೆ ಜಮೀನಿನ ದುಡ್ಡು ಬೇಕಿತ್ತು. ನಿಮಗೇನು ಬೇಕಿತ್ತು, ಗಾರ್ಡ್ ಬಾಬು?"

"ನೌಕರಿ," ಎಂದೆ. ನನ್ನ ಜೀವಮಾನದಲ್ಲಿ ಅವಳಿಗೆ ಅಷ್ಟು ನೇರವಾಗಿ ಇನ್ನೇನೂ ಹೇಳಿರಲಿಲ್ಲ.

"ಸಿಕ್ತಾ?"

"ಇಲ್ಲ."

ಗಾಡಿ ಹೊರಟಿತು. ರಾಮಪರಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಮಂಡಿ ಹಿಡಿಯುತ್ತಾ ಬಿಡುತ್ತಾ, ರಸ್ತೆಯ ಕಡೆ ನಡೆದಳು. ನಡೆದು ಗಡಿ ದಾಟುವವರನ್ನು ಯಾರೂ ಕಾರ್ಡು ಕೇಳುವುದಿಲ್ಲ. ಬುಟ್ಟಿ ನಾನು ಹೊರುತ್ತೇನೆ ಎಂದು ಹತ್ತು ಹೆಜ್ಜೆ ಹಿಂದೆ ಹೋದೆ. ಅವಳು ತಿರುಗಿ ನೋಡದೆ, "ಬೇಡ, ಮುಟ್ಬೇಡಿ. ಇದು ಅಣ್ಣನ ಬಾಯಿಗೆ ಹೋಗೋದು" ಎಂದಳು.